ಶಬ್ದವಿಲ್ಲದ ಲಾರಿಯ ದೂರು

ಯಡ್ತರೆ
4 ನವೆಂಬರ್ 2024

ವಾರಂಟಿ ವಿಭಾಗದವರಿಗೆ,
ಲಾರಿ ಸರ್ವಿಸ್ ಸೆಂಟರ್, ಬ್ರಹ್ಮಾವರ

ಮಾನ್ಯರೇ,

ನಾನು ಕ್ಷೇಮ, ಲಾರಿಯೂ ಕ್ಷೇಮ. ನಿಮ್ಮ ಕಡೆಯ ಕ್ಷೇಮ ತಿಳಿಯಲು ಬೇರೆ ದಾರಿ ಇಲ್ಲದ್ದರಿಂದ ಈ ಕಾಗದ.

ನಾನು ಬಚ್ಚ, ಬೈಂದೂರು ಹತ್ತಿರದ ಯಡ್ತರೆಯವನು. ಹೋದ ವರ್ಷ ನಿಮ್ಮ ಕಂಪನಿಯ ಆರು ಚಕ್ರದ ಹೊಸ ಲಾರಿ ತೆಗೆದುಕೊಂಡಿದ್ದೇನೆ. ನಮ್ಮ ಊರ ಒಳಗಿನ ಕೋರೆಯಿಂದ ಕೆಂಪುಕಲ್ಲು ತುಂಬಿಸಿಕೊಂಡು ಕುಂದಾಪುರ, ಬ್ರಹ್ಮಾವರ ಕಡೆ ಮನೆ ಕಟ್ಟುವವರಿಗೆ ಹಾಕುವುದು ನನ್ನ ಕೆಲಸ. ಲಾರಿಗೆ ಇನ್ನೂ ವಾರಂಟಿ ಇದೆ.

ವಿಷಯ ಏನೆಂದರೆ, ಕುಂದಾಪುರದಲ್ಲಿ ಲಾರಿಗೆ ಬಣ್ಣದ ದೀಪ, ಹಾರ್ನು, ಪರದೆ ಹಾಕಿಕೊಡುವ ಜಿತೇಂದ್ರ ಎಂಬವನು ಒಂದು ಸಾಮಾನು ತೋರಿಸಿದ್ದಾನೆ. ಕಂಪನಿಯ ಏರ್ ಫಿಲ್ಟರಿನ ಡಬ್ಬಿ ತೆಗೆದು, ಅದರ ಜಾಗದಲ್ಲಿ ಕೆಂಪು ಬಣ್ಣದ ದೊಡ್ಡ ಫಿಲ್ಟರು, ದಪ್ಪ ಪೈಪು ಕೂರಿಸುವುದು. ಇಂಜಿನ್ನಿಗೆ ಗಾಳಿ ಧಾರಾಳ ಸಿಗುತ್ತದೆ, ಏರಿನಲ್ಲಿ ಪಿಕಪ್ ಹೆಚ್ಚುತ್ತದೆ, ಡೀಸೆಲ್ ಉಳಿಯುತ್ತದೆ ಎನ್ನುತ್ತಾನೆ. ಶಬ್ದವೂ ಬೇರೆ ಬರುತ್ತದಂತೆ. ಹಾಕಿಸಿದರೆ ಉಪಯೋಗ ಉಂಟೋ, ವಾರಂಟಿ ಹೋಗುತ್ತದೋ ತಿಳಿಸಬೇಕು.

ಬರಹದಲ್ಲಿ ಕೇಳಿದ ಗ್ರಾಹಕರಿಗೆ ಬರಹದಲ್ಲೇ ಉತ್ತರ ಕೊಡುತ್ತೇವೆಂದು ನಿಮ್ಮ ಕೌಂಟರಿನ ಗೋಡೆಯ ಮೇಲೆ ಹಾಕಿದ್ದೀರಿ. ಮೊದಲ ಸರ್ವಿಸಿಗೆ ಬಂದಾಗ ಓದಿಕೊಂಡಿದ್ದೆ. ಆ ದಿನ ವಾರಂಟಿ ವಿಭಾಗದ ಕುರ್ಚಿ ಖಾಲಿ ಇತ್ತು. ಫೋನ್ ಮಾಡೋಣವೆಂದರೆ ಎತ್ತುವವರಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ವಾರಂಟಿ ವಿಭಾಗದಲ್ಲಿ ಕೆಲಸ ಮಾಡುವವರು ಮಧ್ಯಾಹ್ನ ಸರಿಯಾಗಿ ಉಣ್ಣುತ್ತಾರೆಯೇ?

ಇಂತಿ ನಿಮ್ಮ ಗ್ರಾಹಕ,
ಬಚ್ಚ


ಬ್ರಹ್ಮಾವರ
11 ನವೆಂಬರ್ 2024

ಮಾನ್ಯ ಗ್ರಾಹಕರೇ,

ನಿಮ್ಮ ಪತ್ರ ತಲುಪಿದೆ. ಉತ್ತರ ಹೀಗಿದೆ.

ಹೊರಗಿನ ಫಿಲ್ಟರು ಹಾಕಿದ ಮಾತ್ರಕ್ಕೆ ಪೂರ್ತಿ ವಾರಂಟಿ ಹೋಗುವುದಿಲ್ಲ. ಬ್ರೇಕು, ಗೇರ್‌ಬಾಕ್ಸಿನದ್ದು ಇದ್ದ ಹಾಗೇ ಇರುತ್ತದೆ. ಆದರೆ ಇಂಜಿನ್, ಟರ್ಬೊ ಅಥವಾ ಗಾಳಿಯ ಸೆನ್ಸರ್ ಹಾಳಾಗಿ, ಅದಕ್ಕೆ ಆ ಫಿಲ್ಟರೇ ಕಾರಣವೆಂದು ಕಂಡುಬಂದರೆ ಕ್ಲೇಮ್ ತಿರಸ್ಕರಿಸಲಾಗುತ್ತದೆ. ಇಂಥ ಫಿಲ್ಟರಿಗೆ ಎಣ್ಣೆ ಹಚ್ಚಿರುತ್ತಾರೆ. ಆ ಎಣ್ಣೆ ಸೆನ್ಸರಿನ ಮೇಲೆ ಕೂತರೆ ಗಾಳಿಯ ಅಳತೆ ತಪ್ಪಿ ಲಾರಿ ಎಳೆಯುವುದೇ ಕಡಿಮೆಯಾಗುತ್ತದೆ.

ಕಲ್ಲು ತುಂಬಿದ ಲಾರಿಯಲ್ಲಿ ಪಿಕಪ್ಪಿನ ವ್ಯತ್ಯಾಸ ಗೊತ್ತಾಗುವಷ್ಟು ಇರುವುದಿಲ್ಲ. ಶಬ್ದ ಹೆಚ್ಚಿದ್ದಕ್ಕೆ ಶಕ್ತಿ ಹೆಚ್ಚಿದಂತೆ ಅನಿಸುತ್ತದೆ, ಅಷ್ಟೇ. ಧೂಳು ತಡೆಯುವುದರಲ್ಲಿ ಕಂಪನಿಯ ಕಾಗದದ ಫಿಲ್ಟರೇ ಮೇಲು. ಕೆಂಪುಕಲ್ಲಿನ ಕೋರೆಗೆ ಹೋಗುವ ಲಾರಿಗೆ ಈ ಬದಲಾವಣೆ ಬೇಡವೆಂದು ನಮ್ಮ ಸಲಹೆ.

ಮಧ್ಯಾಹ್ನದ ಊಟದ ಪ್ರಶ್ನೆ ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ.

ದೀಕ್ಷಿತಾ
ವಾರಂಟಿ ವಿಭಾಗ


ಯಡ್ತರೆ
2 ಡಿಸೆಂಬರ್ 2024

ಮಾನ್ಯರೇ,

ಉತ್ತರ ಸಿಕ್ಕಿತು. ಎಲ್ಲ ಟೈಪ್ ಮಾಡಿದ್ದು, ಸಹಿ ಮಾತ್ರ ಕೈಬರಹ. ಸಹಿಯನ್ನು ಸುಮಾರು ಹೊತ್ತು ನೋಡಿದೆ.

ನಿಮ್ಮ ಮಾತನ್ನು ಜಿತೇಂದ್ರನಿಗೆ ಓದಿ ಹೇಳಿದೆ. ಅವನು ನಕ್ಕು, "ಅದೆಲ್ಲ ಕಂಪ್ನಿಯೋರ್ ಹೆದ್ರ್ಸುದ್ ಬಚ್ಚಣ್ಣ. ಅವ್ರ್ ಫಿಲ್ಟ್ರ್ ಖರ್ಚಾಯ್ಕಲ್ದಾ?" ಎಂದ. ಅವನ ಅಂಗಡಿಯದ್ದೂ ಖರ್ಚಾಗಬೇಕಲ್ಲ, ಹಾಗಾಗಿ ಅವನ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ.

ಈಗ ನನ್ನದೊಂದು ದೂರು ಇದೆ, ಬರೆದುಕೊಳ್ಳಬೇಕು. ನಿಮ್ಮ ಲಾರಿಗೆ ಶಬ್ದವಿಲ್ಲ. ಅಂಗಳಕ್ಕೆ ಬಂದು ನಿಂತರೂ ನಾಯಿ ಏಳುವುದಿಲ್ಲ. ನೆರೆಮನೆಯ ಕುಸುಮಕ್ಕ ಆಮೇಲೆ ಬಂದು, "ಬಚ್ಚಣ್ಣ, ನೀವ್ ಯಾವಗ ಬಂದದ್?" ಎಂದು ಕೇಳುತ್ತಾಳೆ. ಹೈವೇಯಲ್ಲಿ ಹೋಗುವ ಹೊಸ ಲಾರಿಗಳೆಲ್ಲ ಒಂದೇ ತರ ಸದ್ದು ಮಾಡುತ್ತವೆ. ಮನೆಯೊಳಗೆ ಕೂತವರಿಗೆ ಇಂಥವರ ಲಾರಿ ಹಾದುಹೋಯಿತು ಎಂದು ಹೇಗೆ ತಿಳಿಯಬೇಕು? ನನ್ನ ಲೆಕ್ಕದಲ್ಲಿ ಇದು ತಯಾರಿಕೆಯ ದೋಷ. ವಾರಂಟಿಯಲ್ಲಿ ಸರಿಮಾಡಿ ಕೊಡುತ್ತೀರೋ, ಇಲ್ಲ ಜಿತೇಂದ್ರನ ಹತ್ತಿರ ಹೋಗಲೋ?

ಇಂತಿ ನಿಮ್ಮ ಗ್ರಾಹಕ,
ಬಚ್ಚ


ಬ್ರಹ್ಮಾವರ
9 ಡಿಸೆಂಬರ್ 2024

ಅಪ್ಪಯ್ಯ,

ಇದು ಕಂಪನಿಯ ಕಾಗದವಲ್ಲ, ನನ್ನದು. ನಿಮ್ಮ ದೂರನ್ನು ನಮ್ಮ ಮೇಲಿನವರು ಉಮಾನಾಥ ಸರ್ ಓದಿ, "ಶಬ್ದ ಇಲ್ಲೆ ಅಂದೇಳಿ ದೂರ್ ಕೊಟ್ಟ ಗಿರಾಕಿ ಇವ್ರೊಬ್ರೇ" ಎಂದು ನಕ್ಕರು. ಬರೆದವರು ಯಾರೆಂದು ಅವರಿಗೆ ಗೊತ್ತಿಲ್ಲ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು.

ಶಬ್ದ ಬೇಕಿದ್ದವರು ಹಳೆಯ ಲಾರಿಯನ್ನು ಯಾಕೆ ಮಾರಿದಿರಿ?

ಅದರ ಗಾಳಿ ಎಳೆಯುವ ಹೋಸು ಹರಿದು, ಗ್ಯಾರೇಜಿನ ಅಣ್ಣಯ್ಯ ಮಾವ ಸೈಕಲ್ ಟ್ಯೂಬು ಸುತ್ತಿ ಕಟ್ಟಿದ್ದರಲ್ಲ. ನೀವು ಹೈವೇ ಬಿಟ್ಟು ನಮ್ಮ ದಾರಿಗೆ ತಿರುಗುವಾಗ ಗೇರ್ ಇಳಿಸಿದರೆ ಆ ಸಂದಿಯಿಂದ ಸಿಳ್ಳೆ ಬರುತ್ತಿತ್ತು. ಅಮ್ಮ ಮಸಾಲೆ ಹಚ್ಚಿಟ್ಟ ಬಂಗುಡೆಯನ್ನು ಕಾವಲಿಗೆ ಹಾಕುವುದು ಆ ಸಿಳ್ಳೆ ಕೇಳಿದ ಮೇಲೆಯೇ. ನಾನು ಹಸಿವೆಂದು ಎಷ್ಟು ಅತ್ತರೂ ಅದಕ್ಕೆ ಮೊದಲು ಹಾಕಿದವಳಲ್ಲ. ನೀವು ಕೈಕಾಲು ತೊಳೆದು ಒಳಗೆ ಬರುವಾಗ ಮೀನು ಬಿಸಿ ಇರಬೇಕು. ಮಾವ ಹೊಸ ಹೋಸು ತಂದ ದಿನ ಅವಳು ಅಡುಗೆಮನೆಯಿಂದ ಓಡಿ ಬಂದು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಹ್ವಾಯ್, ಅದನ್ ಸರಿ ಮಾಡ್ಸುದ್ ಬ್ಯಾಡ. ಸಿಳ್ಳೆ ಇಲ್ದಿರೆ ನಿಮ್ಮ ಲಾರಿ ಬಂದದ್ ನಂಗೆ ಹ್ಯಾಂಗ್ ಗೊತ್ತಾಪ್ದ್?" ಆಮೇಲೆ ಆ ಹೊಸ ಹೋಸನ್ನು ಕತ್ತರಿಸಿ ಕೋಳಿಗೂಡಿನ ಬಾಗಿಲಿಗೆ ಬಿಜಾಗರಿ ಮಾಡಿದಳು.

ಈ ಕೆಲಸಕ್ಕೆ ಸೇರಿದ ಮೇಲೆ ನನಗೆ ಗೊತ್ತಾಯಿತು, ಆ ಸಿಳ್ಳೆ ಎಂದರೆ ಇಂಜಿನ್ನು ಧೂಳು ಕುಡಿಯುವ ಶಬ್ದ. ಯಾವ ಸರ್ವಿಸ್ ಸೆಂಟರಿನವರೂ ಅದನ್ನು ಒಂದು ದಿನ ಬಿಡುತ್ತಿರಲಿಲ್ಲ. ಅಮ್ಮ ಬಿಟ್ಟಳು, ನೀವೂ ಬಿಟ್ಟಿರಿ, ಲಾರಿಯೂ ಓಡಿತು.

ಅಮ್ಮ ಹೋಗಿ ತಿಂಗಳಾಗಿತ್ತು. ನಾನು ಮಂಗಳೂರಿನಲ್ಲಿ ತರಬೇತಿ ಮುಗಿಸಿ ಮನೆಗೆ ಬಂದರೆ ಅಂಗಳ ಖಾಲಿ. "ಗುಜ್ರಿಗೆ ಕೊಟ್ಟೆ" ಎಂದಿರಿ, ಊಟ ಮಾಡಿ ಎದ್ದಿರಿ. ಅಮ್ಮನದ್ದು ಎಂದು ನನಗೆ ಉಳಿದದ್ದು ಆ ಸಿಳ್ಳೆ. ನನ್ನನ್ನು ಒಂದು ಮಾತು ಕೇಳಬಹುದಿತ್ತು. ಅದಕ್ಕೇ ನಾನು ನಿಮ್ಮ ಫೋನು ಎತ್ತುವುದಿಲ್ಲ. ಈಗ ಅಂಗಡಿಯಿಂದ ಶಬ್ದ ಕೊಂಡು ತರುತ್ತೇನೆ ಎಂದರೆ ನನಗೆ ಹೇಗಾಗಬೇಕು?

ದೀಕ್ಷಿತಾ


ಯಡ್ತರೆ
20 ಜನವರಿ 2025

ಮಗಾ ದೀಕ್ಷಿತಾ,

ತಡವಾಯಿತು. ಬರೆದದ್ದನ್ನೆಲ್ಲ ಹರಿದು ಒಲೆಗೆ ಹಾಕಿದೆ. ಲಾರಿಯ ವಿಷಯವಾದರೆ ನನಗೆ ಪುಟಗಟ್ಟಲೆ ಬರೆಯಲು ಬರುತ್ತದೆ, ಬೇರೆಯದಕ್ಕೆ ಕೈ ಓಡುವುದಿಲ್ಲ.

ಮಾರಿದ್ದು ತಪ್ಪೆಂದು ನಾನು ಈಗಲೂ ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ, ಕೇಳು. ನಿನ್ನ ಅಮ್ಮನ ಕಾರ್ಯವೆಲ್ಲ ಮುಗಿದು ಮೊದಲ ಬಾಡಿಗೆಗೆ ಹೋಗಿ ಬಂದ ದಿನ. ತಿರುವಿನಲ್ಲಿ ಗೇರ್ ಇಳಿಸಿದೆ. ಸಿಳ್ಳೆ ಬಂತು, ನನ್ನ ಬಾಯಲ್ಲಿ ನೀರೂ ಬಂತು. ಇಷ್ಟು ವರ್ಷದ ಅಭ್ಯಾಸ ಮಗಾ, ಸಿಳ್ಳೆ ಕೇಳಿದರೆ ನನಗೆ ಹಸಿವು. ಅಂಗಳಕ್ಕೆ ಬಂದು ಇಳಿದರೆ ಒಲೆ ತಣ್ಣಗಿತ್ತು. ಮರುದಿನವೂ ಬಾಯಲ್ಲಿ ನೀರು ಬಂತು. ಹೆಂಡತಿ ಸತ್ತವನ ಬಾಯಿಗೆ ಇಷ್ಟು ನಾಚಿಕೆ ಇಲ್ಲವಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು. ಆಮೇಲೆ ಆ ತಿರುವು ಹತ್ತಿರ ಬಂದರೆ ಗೇರಿಗೆ ಕೈ ಹೋಗುತ್ತಿರಲಿಲ್ಲ. ಒಂದು ದಿನ ಗೇರ್ ಇಳಿಸದೇ ತಿರುಗಿಸಲು ಹೋಗಿ ಲಾರಿಯನ್ನೇ ಚರಂಡಿಗೆ ಹಾಕುವವನಿದ್ದೆ. ಅದಕ್ಕೇ ಕೊಟ್ಟೆ. ನಿನ್ನನ್ನು ಕೇಳಿದರೆ ನೀನು ಬೇಡ ಅನ್ನುತ್ತಿದ್ದೆ.

ಶಬ್ದವಿಲ್ಲದ ಲಾರಿಯೇ ಬೇಕೆಂದು ಹುಡುಕಿ ತೆಗೆದುಕೊಂಡವನೂ ನಾನೇ. ಅದರಲ್ಲೂ ಈ ಕಂಪನಿಯದ್ದನ್ನೇ ಯಾಕೆ ತೆಗೆದುಕೊಂಡೆ ಎಂದು ನಾನು ಹೇಳುವುದಿಲ್ಲ, ನೀನು ಬುದ್ಧಿವಂತೆ.

ಕುಸುಮಕ್ಕನ ಮಗ ರೋಷನ್ ನಿನ್ನ ಬಾಡಿಗೆ ಮನೆಯನ್ನು ನನಗೆ ತೋರಿಸಿದ್ದಾನೆ. ಹೈವೇಗೆ ಮುಖ ಮಾಡಿದ ಮಹಡಿ, ಹಸಿರು ಕಿಟಕಿ. ವಾರದಲ್ಲಿ ಮೂರು ನಾಲ್ಕು ಸಲ ಅದರ ಮುಂದೆ ಹೋಗುತ್ತೇನೆ. ನಿಧಾನ ಮಾಡುತ್ತೇನೆ, ಹಿಂದಿನವರು ಬೈಯುತ್ತಾರೆ. ನೀನು ಒಳಗಿದ್ದರೂ ನಿನಗೆ ತಿಳಿಯುವುದಿಲ್ಲ. ಹಾರ್ನ್ ಹಾಕಬಹುದಿತ್ತು ಅನ್ನಬಹುದು ನೀನು. ಹಾರ್ನ್ ಹಾಕಿದರೆ ಕರೆದ ಹಾಗಾಗುತ್ತದೆ. ಸಿಟ್ಟಿನಲ್ಲಿದ್ದವಳನ್ನು ಬೀದಿಯಿಂದ ಕರೆಯುವುದು ನನಗೆ ಬೇಡ. ಅಪ್ಪಯ್ಯ ಹಾದುಹೋದರು ಎಂದು ನಿನಗೆ ಗೊತ್ತಾದರೆ ಸಾಕು.

ಪಿಕಪ್ಪೂ ಬೇಡ, ಡೀಸೆಲ್ ಉಳಿಯುವುದೂ ಬೇಡ. ನಿನ್ನ ನೆನಪು ತುಂಬಾ ಆಗುತ್ತದೆ. ಶನಿವಾರ ಕೂರಿಸಲು ಜಿತೇಂದ್ರನಿಗೆ ಹೇಳಿದ್ದೇನೆ.

ನಿನ್ನ
ಅಪ್ಪಯ್ಯ


ಬ್ರಹ್ಮಾವರ
24 ಜನವರಿ 2025

ಅಪ್ಪಯ್ಯ,

ಹಾಕಿಸಬೇಡಿ. ಕಾಗದ ಈಗಷ್ಟೇ ಸಿಕ್ಕಿತು. ಓದಿದ ಕೂಡಲೇ ಫೋನ್ ಮಾಡಿದೆ, ಕೋರೆಯಲ್ಲಿದ್ದಿರೇನೋ, ಸಿಗಲಿಲ್ಲ. ಎರಡನೇ ಸಲ ಮಾಡುವ ಧೈರ್ಯ ಬರಲಿಲ್ಲ. ಎತ್ತಿದರೆ ಏನು ಮಾತಾಡುವುದೆಂದೇ ತಿಳಿಯಲಿಲ್ಲ.

ಆ ಫಿಲ್ಟರಿನಿಂದ ಅಮ್ಮನ ಸಿಳ್ಳೆ ಬರುವುದಿಲ್ಲ. ಹಳೆಯ ಇಂಜಿನ್ನು ಧೂಳು ತಿಂದು ಅರಗಿಸಿಕೊಂಡಿತು, ಈಗಿನವಕ್ಕೆ ಆ ಹೊಟ್ಟೆ ಇಲ್ಲ. ಇಂಥ ಲಾರಿಗಳ ಕ್ಲೇಮನ್ನು ವಾಪಸು ಕಳುಹಿಸುವುದು ನನ್ನದೇ ಕೈ. ನಿಮ್ಮ ಲಾರಿ ಬಂದರೆ ನಾನು ಏನು ಬರೆಯಲಿ? ಸುಳ್ಳು ಬರೆಯಲು ನೀವು ನನಗೆ ಕಲಿಸಿಲ್ಲ. ನಿಜ ಬರೆದರೆ ನಿಮ್ಮ ಅನ್ನಕ್ಕೆ ಕಲ್ಲು ಹಾಕಿದವಳು ನಾನಾಗುತ್ತೇನೆ. ನನ್ನನ್ನು ಅಲ್ಲಿ ನಿಲ್ಲಿಸಬೇಡಿ.

ಸಿಳ್ಳೆ ಕೇಳಿ ಬಾಯಲ್ಲಿ ನೀರು ಬಂದದ್ದಕ್ಕೆ ನಾಚಿಕೆ ಯಾಕೆ ಅಪ್ಪಯ್ಯ? ಅಮ್ಮ ಕೇಳಿದರೆ ಖುಷಿಪಡುತ್ತಿದ್ದಳು.

ದೀಕ್ಷಿತಾ


ತ್ರಾಸಿ
12 ಫೆಬ್ರವರಿ 2025

ಮಗಾ,

ನಿನ್ನ ಕಾಗದ ಮನೆ ಮುಟ್ಟುವಷ್ಟರಲ್ಲಿ ಕೂರಿಸಿ ಆಗಿತ್ತು. ಬಿಚ್ಚಿಸಬಹುದಿತ್ತು, ಬಿಚ್ಚಿಸಲಿಲ್ಲ. ಹಟ ಎಂದುಕೋ.

ನೀನು ಹೇಳಿದ್ದೇ ಸರಿ, ಅದರ ಶಬ್ದ ನಿನ್ನ ಅಮ್ಮನ ಸಿಳ್ಳೆ ಅಲ್ಲ. ಸಿಟ್ಟು ಬಂದ ಬೆಕ್ಕಿನ ಹಾಗೆ ಬುಸುಗುಡುತ್ತದೆ. ಆದರೂ ಇದೊಂದು ಗುರುತಾಯಿತಲ್ಲ ಎಂದು ನಿನ್ನ ಮನೆಯ ಮುಂದೆ ಹೋದೆ. ಹೋದ ಭಾನುವಾರ ಹಸಿರು ಕಿಟಕಿ ತೆರೆದಿತ್ತು. ಗೇರ್ ಇಳಿಸಿ ನಿಧಾನ ಮಾಡಿದೆ. ಹತ್ತಿರ ಬರುವಾಗ ಮುಚ್ಚಿಕೊಂಡಿತು. ಗಾಳಿಗೆ ಇರಬೇಕು.

ಇವತ್ತು ಮರವಂತೆ ದಾಟಿದ ಮೇಲೆ ಮೀಟರಿನಲ್ಲಿ ಇಂಜಿನ್ನಿನ ಹಳದಿ ದೀಪ ಹತ್ತಿತು. ತ್ರಾಸಿಗೆ ಬರುವಷ್ಟರಲ್ಲಿ ಲಾರಿ ಎಳೆಯುವುದನ್ನೇ ಬಿಟ್ಟಿತು. ಬದಿಗೆ ನಿಲ್ಲಿಸಿ, ಕಡಲಿನ ಕಡೆ ನೆರಳಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಣ್ಣಯ್ಯ ಬಂದು ನೋಡಿ, ಇದು ತನ್ನ ಕೈಯಲ್ಲಿ ಆಗುವುದಲ್ಲ ಎಂದ. ಜಿತೇಂದ್ರನಿಗೆ ಫೋನ್ ಮಾಡಿದೆ. "ಮೊದ್ಲ್ ನಮ್ಮ ಕಿಟ್ ಬಿಚ್ಚಿ, ಕಂಪ್ನಿ ಡಬ್ಬಿ ಕೂರ್ಸ್ಕಂಡ್ ಹೋಯ್ನಿ ಬಚ್ಚಣ್ಣ. ಯಾರಿಗೂ ಗೊತ್ತಾತಿಲ್ಲೆ" ಎಂದ. "ಅಲ್ಲಿಪ್ಪುದ್ ನನ್ನ ಮಗ್ಳ್ ಮಾರಾಯ" ಎಂದು ಹೇಳಿ ಇಟ್ಟೆ.

ಈ ಕಾಗದವನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳುಹಿಸುತ್ತೇನೆ. ನಾಳೆ ಲಾರಿಯನ್ನು ಎಳೆಸಿಕೊಂಡು ಬರುತ್ತೇನೆ. ಕಿಟ್ ಇದ್ದ ಹಾಗೇ ಇರುತ್ತದೆ. ನೀನು ಕಂಡದ್ದನ್ನು ಬರೆ. ಬರೆಯುವಾಗ ನನ್ನ ಮುಖ ನೋಡಬೇಡ, ಸಾಕು.

ಅಪ್ಪಯ್ಯ


ಬ್ರಹ್ಮಾವರ
14 ಫೆಬ್ರವರಿ 2025

ಅಪ್ಪಯ್ಯ,

ನಿನ್ನೆ ನೀವು ಕೌಂಟರಿನ ಆಚೆ ನಿಂತಿದ್ದಿರಿ. ತೆಳ್ಳಗಾಗಿದ್ದೀರಿ. ನಾನು "ಎಂತ ದೂರು?" ಎಂದು ಕೇಳಿದೆ, ನೀವು "ಎಳಿತಿಲ್ಲೆ" ಎಂದಿರಿ. ಎಷ್ಟೋ ಕಾಲದ ಮೇಲೆ ನಾವಿಬ್ಬರು ಎದುರೆದುರು ಆಡಿದ ಮಾತು ಅದು.

ಅಪ್ಪಯ್ಯ ಎಂದು ಕರೆಯಲು ಬಾಯಿಗೆ ಬಂದಿತ್ತು. ಕರೆದರೆ ಆಮೇಲೆ ಬರೆಯಲು ಕೈ ಬರುವುದಿಲ್ಲ ಎಂದು ನುಂಗಿಕೊಂಡೆ. ಹೊರಗಿನ ಫಿಲ್ಟರಿನ ಎಣ್ಣೆ ಕೂತು ಸೆನ್ಸರ್ ಹಾಳಾಗಿದೆ, ಕ್ಲೇಮ್ ತಿರಸ್ಕರಿಸಲಾಗಿದೆ ಎಂದು ಬರೆದೆ. ನೀವು ಓದದೇ ಸಹಿ ಹಾಕಿದಿರಿ. ಹೋಗುವಾಗ ಬಾಗಿಲಲ್ಲಿ ತಿರುಗಿ "ಉಂಡ್ಯಾ?" ಎಂದು ಕೇಳಿದಿರಿ. ನಾನು ಹೂಂ ಎಂದು ತಲೆ ಆಡಿಸಿದೆ. ಉಂಡಿರಲಿಲ್ಲ.

ನೀವು ಹೋದ ಮೇಲೆ ಉಮಾನಾಥ ಸರ್, "ನಿಮ್ಮ ಗುರ್ತದೋರಾ?" ಎಂದು ಕೇಳಿದರು. "ನಮ್ಮ ಅಪ್ಪಯ್ಯ" ಎಂದೆ. ಅವರು ಸ್ವಲ್ಪ ಹೊತ್ತು ಹೊರಗೆ ಹೋಗಿ ಕೂತುಕೊಳ್ಳಿ ಎಂದರು. ಕೂತು ಅತ್ತೆ.

ಟರ್ಬೊಗೆ ಏನೂ ಆಗಿಲ್ಲ. ಬೇಗ ದೀಪ ಹತ್ತಿದ್ದು ಪುಣ್ಯ, ಇನ್ನೆರಡು ತಿಂಗಳು ಕೋರೆಯ ಧೂಳು ಕುಡಿದಿದ್ದರೆ ಇಂಜಿನ್ನೇ ಹೋಗುತ್ತಿತ್ತು. ನಿಮ್ಮ ಖರ್ಚಿನಲ್ಲೇ ಸೆನ್ಸರ್ ಬದಲಿಸಿ, ಕಂಪನಿಯ ಡಬ್ಬಿ ಕೂರಿಸಿದ್ದಾರೆ. ಇನ್ನು ಮುಂದಿನ ವಾರಂಟಿಗೆ ತೊಂದರೆ ಇಲ್ಲ, ಅದನ್ನೂ ನಾನೇ ಬರೆದಿದ್ದೇನೆ.

ಕಿಟಕಿಯ ಮಾತು. ಅದು ಗಾಳಿಯಲ್ಲ, ನಾನು. ಯಾರೋ ಪಡ್ಡೆ ಹುಡುಗ ಬುಸುಗುಡಿಸಿಕೊಂಡು ಹೋಗುತ್ತಿದ್ದಾನೆ ಎಂದು ಬೈದುಕೊಂಡೇ ಮುಚ್ಚಿದೆ. ನಿಮ್ಮ ತ್ರಾಸಿಯ ಕಾಗದ ಓದಿದ ಮೇಲೆ ಆ ಕಿಟಕಿಯನ್ನು ಮುಚ್ಚಿಲ್ಲ. ಮನೆಯೊಳಗೆಲ್ಲ ಹೈವೇ ಧೂಳು, ಇರಲಿ. ನನಗೂ ನಿಮ್ಮ ನೆನಪು ಆಗುತ್ತದೆ ಅಪ್ಪಯ್ಯ. ಸಿಟ್ಟಿನಲ್ಲಿದ್ದಾಗಲೂ ಆಗುತ್ತಿತ್ತು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚು ಬರುತ್ತಿತ್ತು.

ಭಾನುವಾರವೂ ಕಲ್ಲು ಹಾಕಲು ಹೋಗುತ್ತೀರಾ?

ದೀಕ್ಷಿತಾ


ಯಡ್ತರೆ
24 ಫೆಬ್ರವರಿ 2025

ವಾರಂಟಿ ವಿಭಾಗದವರಿಗೆ,
ಲಾರಿ ಸರ್ವಿಸ್ ಸೆಂಟರ್, ಬ್ರಹ್ಮಾವರ

ಮಾನ್ಯರೇ,

ಲಾರಿಗೆ ಶಬ್ದವಿಲ್ಲವೆಂದು ಡಿಸೆಂಬರಿನಲ್ಲಿ ನಾನು ಕೊಟ್ಟ ದೂರನ್ನು ಈ ಮೂಲಕ ವಾಪಸು ಪಡೆಯುತ್ತಿದ್ದೇನೆ. ಕಾರಣವನ್ನು ಉಮಾನಾಥ ಸರ್ ಅವರೂ ಓದಬಹುದು.

ನಿನ್ನೆ ಭಾನುವಾರ, ಕುಂದಾಪುರದಲ್ಲಿ ಕಲ್ಲು ಇಳಿಸಿ ಮಧ್ಯಾಹ್ನ ಮನೆಗೆ ಬಂದೆ. ತಿರುವಿನಲ್ಲಿ ಗೇರ್ ಇಳಿಸಿದೆ. ಎಂದಿನಂತೆ ಏನೂ ಕೇಳಲಿಲ್ಲ. ದೂರದಲ್ಲಿ ನಮ್ಮ ಅಂಗಳದ ಬೇಲಿಯ ದಣಪೆಯ ಹತ್ತಿರ ಯಾರೋ ಒಬ್ಬಳು ಬಿಸಿಲಿಗೆ ಹಣೆಯ ಮೇಲೆ ಕೈ ಇಟ್ಟು ರಸ್ತೆ ನೋಡುತ್ತಿದ್ದಳು. ಲಾರಿ ಕಂಡದ್ದೇ ಒಳಗೆ ಓಡಿದಳು. ಕುಸುಮಕ್ಕನ ಮನೆಗೆ ಬಂದ ನೆಂಟರಿರಬೇಕು ಎಂದುಕೊಂಡೆ. ಅಂಗಳದಲ್ಲಿ ಇಳಿಯುವಾಗ ವಾಸನೆ ಬಂತು. ನನ್ನ ಬಾಯಲ್ಲಿ ನೀರೂ ಬಂತು. ಈ ಸಲ ನಾಚಿಕೆಯಾಗಲಿಲ್ಲ.

ಕೈಕಾಲು ತೊಳೆದು ಒಳಗೆ ಹೋಗಿ, "ಲಾರಿಗೆ ಶಬ್ದ ಇಲ್ಲೆ, ನಿಂಗ್ ಹ್ಯಾಂಗ್ ಗೊತ್ತಾಯ್ತ್?" ಎಂದು ಕೇಳಿದೆ. ಕಾವಲಿಯಿಂದ ಮುಖ ಎತ್ತದೇ ಉತ್ತರ ಬಂತು. "ಕೇಣದಿದ್ರೆ ಎಂತ, ಕಾಂಬುಕೆ ಕಣ್ಣಿಲ್ಯಾ ಅಪ್ಪಯ್ಯ?"

ಬಟ್ಟಲಲ್ಲಿ ಎರಡು ಬಂಗುಡೆ ಮೊದಲೇ ಹುರಿದು ತಣ್ಣಗಾಗಿದ್ದವು. ಇದೆಂತ ಎಂದರೆ ಕಾವಲಿಯ ಮೀನು ಮಗುಚಿದಳು. ಆಮೇಲೆ ಕುಸುಮಕ್ಕ ಬಂದು ಹೇಳಿದಳು, ಕೋರೆಗೆ ಹೋಗುವ ಲಾರಿ ಯಾವುದು ತಿರುಗಿದರೂ ನನ್ನದೇ ಎಂದು ಒಳಗೆ ಓಡಿ ಮೀನು ಹಾಕುತ್ತಿದ್ದಳಂತೆ, ಮತ್ತೆ ಬಂದು ಬಿಸಿಲಲ್ಲಿ ನಿಲ್ಲುತ್ತಿದ್ದಳಂತೆ. ಬೇರೆಯವರ ಲಾರಿಗೆ ಹುರಿದ ಆ ಎರಡನ್ನೂ ನಾನೇ ತಿಂದೆ. ನನ್ನ ಲಾರಿಗೆ ಹುರಿದದ್ದು ಬಿಸಿ ಇತ್ತು.

ಹೊರಗಿನ ಫಿಲ್ಟರಿನ ಬಗ್ಗೆ ನೀವು ಬರೆದದ್ದೆಲ್ಲ ಸರಿ. ಜಿತೇಂದ್ರ ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಕೋಳಿಗೂಡಿನ ಹಳೆಯ ಬಿಜಾಗರಿ ಸವೆದಿತ್ತು. ಅದರ ಪಕ್ಕದಲ್ಲೇ ಕಿಟ್‌ನ ರಬ್ಬರು ಕತ್ತರಿಸಿ ಇನ್ನೊಂದು ಹೊಡೆದೆವು, ಹಳೆಯದನ್ನು ತೆಗೆಯಲಿಲ್ಲ. ಬಾಗಿಲು ಈಗ ಗಟ್ಟಿ ನಿಲ್ಲುತ್ತದೆ. ಹಾಗಾಗಿ ಅದರಿಂದ ಏನೂ ಉಪಯೋಗವಿಲ್ಲ ಎಂದು ನಾನು ಹೇಳಲಾರೆ.

ಇಂತಿ ನಿಮ್ಮ ಗ್ರಾಹಕ,
ಬಚ್ಚ

ಮರೆತ ಮಾತು: ನವೆಂಬರಿನಲ್ಲಿ ನಾನು ಕೇಳಿದ ಎರಡನೇ ಪ್ರಶ್ನೆಗೆ ನಿಮ್ಮ ಕಡೆಯಿಂದ ಉತ್ತರ ಬಂದಿರಲಿಲ್ಲ. ಇನ್ನು ಬೇಡ. ವಾರಂಟಿ ವಿಭಾಗದವರು ನಿನ್ನೆ ಮಧ್ಯಾಹ್ನ ಹೊಟ್ಟೆ ತುಂಬ ಉಂಡರು, ನಾನು ಎದುರಿಗೆ ಕೂತು ನೋಡಿದೆ.